ಒಂದೇ ಥರ ಬರೋ ಸ್ವಿಂಗ್ ಕಟ್ಕೊಳ್ಳೋದು ಹೇಗೆ: ಚಿಕ್ಕಮಗಳೂರು ಕಡೆಯ ಹವ್ಯಾಸಿ ಗಾಲ್ಫರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಗಾಲ್ಫ್ ಹಿಡಿಯೋರಲ್ಲಿ ಮುಕ್ಕಾಲು ಜನ ವಯಸ್ಸು ಮೂವತ್ತು ನಲವತ್ತು ದಾಟಿದ ಮೇಲೆ ಶುರು ಮಾಡಿದೋರು. ತೋಟ, ಅಂಗಡಿ, ಬ್ಯಾಂಕು ಅಂತ ವಾರವೆಲ್ಲಾ ಓಡಾಡ್ಕೊಂಡು ಭಾನುವಾರ ಬೆಳಗ್ಗೆ ಕ್ಲಬ್ಬಿಗೆ ಹೋಗೋರು. ದಿನಾ ಪಕ್ಕದಲ್ಲಿ ನಿಂತು ತಿದ್ದೋ ಕೋಚ್ ಇರಲ್ಲ, ಇರೋದು ಫೋನು, ಅದರಲ್ಲಿ ಒಂದು ವಿಡಿಯೋ ಕೈ ಮೇಲೆ ಎತ್ತು ಅನ್ನತ್ತೆ, ಇನ್ನೊಂದು ಕೆಳಗಿಡು ಅನ್ನತ್ತೆ, ಮೂರನೇದು ಸೊಂಟ ತಿರುಗಿಸು ಅನ್ನತ್ತೆ, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಎಳೆದಾಡಿ ಎಳೆದಾಡಿ ಕೊನೆಗೆ ಬಾಲ್ ಮಾತ್ರ ಬಲಗಡೆ ಸಿಲ್ವರ್ ಓಕ್ ಮರಗಳ ಕಡೆಗೇ ಹೋಗತ್ತೆ.

ವಿಡಿಯೋಗಳಲ್ಲಿ ಹೇಳೋದು ಸುಳ್ಳು ಅಂತಲ್ಲ, ಬಹಳಷ್ಟು ಸರಿಯಾಗೇ ಇರತ್ತೆ. ತಪ್ಪೋದು ಕ್ರಮ. ಮೊದಲು ಮಾಡ್ಬೇಕಾದ್ದನ್ನ ಆಮೇಲೆ ಮಾಡಿ, ಆಮೇಲಿಂದನ್ನ ಮೊದಲು ಹಿಡಿದ್ರೆ ಎರಡೂ ಕೈಗೆ ಹತ್ತಲ್ಲ. ಕ್ರಮ ಇಷ್ಟೇ: ಮೊದಲು ಕ್ಲಬ್, ಅಂದ್ರೆ ಬಾಲ್ ಹೊಡೆಯೋ ದಾಂಡು, ನೆಲಕ್ಕೆ ಎಲ್ಲಿ ತಾಗ್ತಿದೆ ಅನ್ನೋದು ಸರಿ ಆಗ್ಬೇಕು, ಆಮೇಲೆ ಕ್ಲಬ್ ಫೇಸ್ (ಬಾಲಿಗೆ ತಾಗೋ ಮುಖ) ಎತ್ತ ನೋಡ್ತಿದೆ ಅನ್ನೋದು, ಕೊನೆಗೆ ಕ್ಲಬ್ ಬರೋ ದಾರಿ. ನೆಲ, ಫೇಸ್, ದಾರಿ. ದೂರ ಹೊಡೆಯೋ ವಿಚಾರ ಈ ಮೂರೂ ಆದ್ಮೇಲೆ. ಇಲ್ಲಿ ಎಲ್ಲಾ ಬಲಗೈ ಆಟಗಾರರಿಗೆ ಅಂತ ಬರೆದಿದೀನಿ, ಎಡಗೈಯವರು ಎಡ ಬಲ ಅದಲು ಬದಲು ಮಾಡ್ಕೊಳ್ಳಿ.

ಶುರು ಮಾಡೋ ಮುಂಚೆ ಒಂದು ವಿಷಯ ತಲೇಲಿ ಕೂತ್ಕೋಬೇಕು. ಬಾಲ್ ಮತ್ತೆ ಕ್ಲಬ್ ಫೇಸ್ ಒಂದಕ್ಕೊಂದು ತಾಗಿರೋದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ, ಅಂದ್ರೆ ಸೆಕೆಂಡಿನ ಎರಡು ಸಾವಿರ ಭಾಗದಲ್ಲಿ ಒಂದು ಭಾಗ. ತಾಗಿದ್ದು ಕೈಗೆ ಗೊತ್ತಾಗೋ ಹೊತ್ತಿಗೆ ಬಾಲ್ ಹೋಗಿ ಆಗಿರತ್ತೆ. ಹಾಗಾಗಿ ಹೊಡೆಯೋ ಕ್ಷಣದಲ್ಲಿ ಏನೋ ತಿರುಗಿಸಿ ಸರಿ ಮಾಡ್ತೀನಿ ಅನ್ನೋದು ಆಗೋ ಕೆಲಸ ಅಲ್ಲ, ಮುಂಚೇನೇ ಏನು ಜೋಡಿಸಿಟ್ಟಿರ್ತೀರೋ ಅದೇ ಆಚೆ ಬರೋದು.

ಬೇಕಾಗೋ ಸಾಮಾನು, ಜಾಗ

7 ಐರನ್ (ಮಧ್ಯಮ ದೂರಕ್ಕೆ ಹೊಡೆಯೋ ಕ್ಲಬ್) ಒಂದು, ಹಳೇ ಬಾಲ್ ಒಂದು ಹತ್ತಿಪ್ಪತ್ತು, ನೆಟ್ಟಗಿರೋ ಎರಡು ಕೋಲು, ಒಂದು ಟವೆಲ್, ಒಂದು ಖಾಲಿ ಶೂ ಬಾಕ್ಸ್, ಸ್ವಲ್ಪ ರಂಗೋಲಿ ಪುಡಿ, ಒಂದು ವೈಟ್‌ಬೋರ್ಡ್ ಮಾರ್ಕರ್, ಸ್ಲೋ ಮೋಷನ್ ವಿಡಿಯೋ ಬರೋ ಫೋನು. ನಿಯಮದ ಪ್ರಕಾರ ಬ್ಯಾಗಲ್ಲಿ 14 ಕ್ಲಬ್ ಇಟ್ಕೋಬಹುದು, ಆದ್ರೆ ಮೊದಲ ಒಂದೆರಡು ತಿಂಗಳು 13 ಮನೇಲೇ ಇರ್ಲಿ.

ಜಾಗದ ವಿಷ್ಯದಲ್ಲಿ ಒಂದು ಮಾತು. ತೋಟದ ಮನೆ ಇರೋರು ಕಾಫಿ ಕಣದ ಮೇಲೆ ಮ್ಯಾಟ್ ಹಾಕ್ಕೊಂಡು ನೆಟ್ ಕಟ್ಟಿ ಹೊಡೀತಾರೆ. ಸಿಮೆಂಟ್ ಮೇಲಿನ ತೆಳು ಮ್ಯಾಟಿಂದ ಎರಡು ತೊಂದರೆ. ಕ್ಲಬ್ ಬಾಲಿಗಿಂತ ಹಿಂದೆ ತಾಗಿದ್ರೂ ಜಾರಿ ಮುಂದೆ ಹೋಗತ್ತೆ, ಹೊಡೆತ ಚೆನ್ನಾಗೇ ಬಂತು ಅನ್ಸತ್ತೆ, ತಪ್ಪು ಗೊತ್ತೇ ಆಗಲ್ಲ. ಇನ್ನೊಂದು, ಆ ಏಟೆಲ್ಲಾ ಮೊಣಕೈಗೆ ಮಣಿಕಟ್ಟಿಗೆ ಬರತ್ತೆ, ಒಂದು ಸಲ ಮೊಣಕೈ ನೋವು ಹಿಡ್ಕೊಂಡ್ರೆ ತಿಂಗಳುಗಟ್ಲೆ ಬಿಡಲ್ಲ. ಮನೆ ಪಕ್ಕ ಹುಲ್ಲೋ ಮಣ್ಣೋ ಇರೋ ಒಂದು ಚಾಪೆಯಷ್ಟು ಜಾಗ ಸಿಕ್ಕಿದ್ರೆ ಸಾಕು, ನಮ್ಮ ಕೆಂಪು ಮಣ್ಣಷ್ಟು ಒಳ್ಳೇ ಗುರು ಇನ್ನೊಂದಿಲ್ಲ, ಎಲ್ಲಿ ತಾಗ್ತೋ ಅಲ್ಲೇ ಗುರುತು ಬಿಡತ್ತೆ.

ನೆಟ್ ಇಲ್ಲದೆ ತೋಟದ ಕಡೆಗೆ ದಯವಿಟ್ಟು ಹೊಡೀಬೇಡಿ. ನವೆಂಬರಿಂದ ಫೆಬ್ರವರಿವರೆಗೆ ಕೊಯ್ಲು, ಗಿಡದ ಸಂದಿ ಯಾರಿದಾರೆ ಅಂತ ಕಾಣಲ್ಲ. ಬಾಲ್ ತೂಕ ಹೆಚ್ಚಂದ್ರೆ 45.93 ಗ್ರಾಂ, ಆದ್ರೆ ಸಾಧಾರಣ ಆಟಗಾರರ 7 ಐರನ್ ಹೊಡೆತವೂ ಗಂಟೆಗೆ 150 ಕಿಲೋಮೀಟರ್ ಆಸುಪಾಸು ಹೋಗತ್ತೆ. ಕೋರ್ಸಲ್ಲೂ ಅಷ್ಟೇ, ಬಾಲ್ ಜನರ ಕಡೆ ತಿರುಗ್ತು ಅಂದ್ರೆ ನಾಚಿಕೆ ಬಿಟ್ಟು ಜೋರಾಗಿ ಫೋರ್ ಅಂತ ಕೂಗಿ.

ಹಂತ 1: ಗ್ರಿಪ್

ಇದನ್ನ ಬೋರು ಅಂತ ಹಾರಿಸೋರೇ ಜಾಸ್ತಿ. ಆದ್ರೆ ಫೇಸ್ ಎತ್ತ ನೋಡತ್ತೆ ಅನ್ನೋದರಲ್ಲಿ ಅರ್ಧ ಇಲ್ಲೇ ತೀರ್ಮಾನ ಆಗಿಬಿಡತ್ತೆ.

ಎಡಗೈ ಮೊದಲು. ಕ್ಲಬ್ ಅಂಗೈ ಮಧ್ಯ ಕೂರಬಾರ್ದು, ಬೆರಳುಗಳಲ್ಲಿ ಕೂರ್ಬೇಕು, ಕಿರುಬೆರಳ ಬುಡದಿಂದ ತೋರುಬೆರಳ ನಡುವಿನ ಗೆಣ್ಣಿನವರೆಗೆ ಓರೆಯಾಗಿ. ಕೈ ಮುಚ್ಚಿ ಮೇಲಿಂದ ನೋಡಿದ್ರೆ ಎರಡರಿಂದ ಎರಡೂವರೆ ಗೆಣ್ಣು ಕಾಣ್ಬೇಕು. ಹೆಬ್ಬೆರಳು ಶಾಫ್ಟಿನ (ಕ್ಲಬ್ಬಿನ ಉದ್ದನೆ ಕಡ್ಡಿಯ) ನೆತ್ತಿಗಿಂತ ಸ್ವಲ್ಪ ಬಲಕ್ಕೆ. ಆಮೇಲೆ ಬಲಗೈ, ಅದರ ಅಂಗೈ ಗೀರು ಎಡ ಹೆಬ್ಬೆರಳನ್ನ ಮುಚ್ಕೊಂಡು ಕೂರ್ಬೇಕು. ಎರಡೂ ಕೈಲಿ ಹೆಬ್ಬೆರಳು ತೋರುಬೆರಳ ಮಧ್ಯೆ ಬೀಳೋ ಗೆರೆ ಬಲ ಭುಜದ ಕಡೆ ನೋಡ್ಲಿ.

ಬಲಗೈ ಕಿರುಬೆರಳು ಎಲ್ಲಿಡೋದು ಅಂತ ತುಂಬ ಚರ್ಚೆ ನಡೆಯತ್ತೆ. ಎಡ ತೋರುಬೆರಳ ಮೇಲೆ ಕೂರಿಸೋದನ್ನ ಹ್ಯಾರಿ ವಾರ್ಡನ್ ಹೆಸರಲ್ಲೇ ಕರೀತಾರೆ, ಆತ ಬ್ರಿಟಿಷ್ ಓಪನ್ 6 ಸಲ ಗೆದ್ದೋರು. ಬೆರಳು ಒಂದಕ್ಕೊಂದು ಹೆಣೆಯೋದು ಜ್ಯಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ಬರದ್ದೂ, ಇಬ್ಬರದ್ದೂ ಸೇರಿ 33 ಮೇಜರ್, ಅಂದ್ರೆ ಗಾಲ್ಫಿನ ಅತಿ ದೊಡ್ಡ ಟೂರ್ನಿಗಳ ಗೆಲುವು. ಎರಡೂ ನಡೆಯತ್ತೆ, ನಿಮ್ಮ ಬೆರಳಿನ ಉದ್ದ ನೋಡಿ ಯಾವುದು ಒಪ್ಪತ್ತೋ ಅದು. ಆರಿಸ್ಕೊಂಡ ಮೇಲೆ ಬದಲಾಯಿಸ್ಬೇಡಿ ಅಷ್ಟೇ.

ಹಿಡಿತ ಗಟ್ಟಿ ಮಾಡಿದ್ರೆ ಮುಂಗೈ ಬಿಗಿಯಾಗತ್ತೆ, ಬಿಗಿಯಾದ ಮುಂಗೈ ತಿರುಗಲ್ಲ, ಫೇಸ್ ತೆರೆದೇ, ಅಂದ್ರೆ ಗುರಿಯ ಬಲಕ್ಕೆ ನೋಡ್ತಾ ಬರತ್ತೆ. ಕ್ಲಬ್ ಜಾರದಷ್ಟು ಹಿಡಿದ್ರೆ ಸಾಕು, ಅದೂ ಎಡಗೈಯ ಕೊನೆ ಮೂರು ಬೆರಳಲ್ಲಿ.

ಹಂತ 2: ನಿಲ್ಲೋದು, ಗುರಿ ಇಡೋದು

ಕಾಲು ಭುಜದಗಲ. 7 ಐರನ್‌ಗೆ ಬಾಲ್ ಮಧ್ಯಕ್ಕಿಂತ ಒಂದು ಬಾಲಿನಷ್ಟು ಎಡಕ್ಕೆ. ಬೆನ್ನು ಗೂನು ಮಾಡದೆ ಸೊಂಟದ ಸಂದಲ್ಲಿ ಬಾಗಿ, ಮಂಡಿ ಸ್ವಲ್ಪ ಸಡಿಲ, ಕೈ ಭುಜದಿಂದ ತಾನಾಗೇ ಇಳಿಬಿದ್ದ ಜಾಗದಲ್ಲಿ ಕ್ಲಬ್ ಹಿಡೀಬೇಕು, ಮುಂದಕ್ಕೆ ಚಾಚಬಾರ್ದು. ಭಾರ ಎರಡೂ ಪಾದಕ್ಕೆ ಸಮ.

ಗುರಿ ಇಡೋದರಲ್ಲಿ ನಮ್ಮ ಊರಿಗೆ ವಿಶೇಷವಾದ ಒಂದು ಕಷ್ಟ ಇದೆ. ಬಯಲು ಸೀಮೆಯಲ್ಲಿ ಆಡಿದ್ರೆ ದಿಗಂತ ಒಂದು ಮಟ್ಟದ ಗೆರೆ, ಇಲ್ಲಿ ಒಂದು ಕಡೆ ಗುಡ್ಡ ಏರಿರತ್ತೆ ಇನ್ನೊಂದು ಕಡೆ ಇಳಿದಿರತ್ತೆ, ಕಣ್ಣು ಮೋಸ ಹೋಗತ್ತೆ, ನೇರ ನಿಂತಿದೀವಿ ಅಂದ್ಕೊಂಡು ಓರೆ ನಿಂತಿರ್ತೀವಿ. ದೂರದ ಬಾವುಟ ನೋಡಿ ನಿಲ್ಲೋ ಬದಲು ಬಾಲ್ ಹಿಂದೆ ಹೋಗಿ ನಿಂತು, ಗುರಿಯ ಗೆರೆ ಮೇಲೇ ಬಾಲಿಗಿಂತ ಒಂದು ಮೀಟರ್ ಮುಂದೆ ಒಂದು ಒಣ ಎಲೆಯೋ ಹುಲ್ಲಿನ ಕಲೆಯೋ ಹುಡುಕ್ಕೊಳ್ಳಿ. ಮೊದಲು ಫೇಸ್ ಅದರ ಕಡೆ ಇಡಿ, ಆಮೇಲೆ ಪಾದ ಜೋಡಿಸಿ. ಪಾದ ಮೊದಲು ಇಟ್ಟು ಆಮೇಲೆ ಫೇಸ್ ತಿರುಗಿಸಿದ್ರೆ ದಿನಕ್ಕೊಂದು ದಿಕ್ಕು. ಅಭ್ಯಾಸದಲ್ಲಿ ಒಂದು ಕೋಲು ಬಾಲಿನ ಗೆರೆಗೆ, ಇನ್ನೊಂದು ಪಾದದ ತುದಿಗೆ, ಎರಡೂ ಸಮಾನಾಂತರ. ಬಹಳ ಜನ ಪಾದವನ್ನೇ ಬಾವುಟದ ಕಡೆ ತೋರಿಸ್ತಾರೆ. ತಪ್ಪು ಅದು, ಬಾವುಟದ ಕಡೆ ನೋಡ್ಬೇಕಾದ್ದು ಫೇಸು, ಪಾದದ ಗೆರೆ ಅದಕ್ಕೆ ಸಮಾನಾಂತರವಾಗಿ ಸ್ವಲ್ಪ ಎಡಕ್ಕೆ ಬೀಳತ್ತೆ.

ಹಂತ 3: ನೆಲ

ಇಲ್ಲಿ ನಿಧಾನಕ್ಕೆ ಓದಿ, ಅವಸರ ಬೇಡ. ಈ ಒಂದು ಹಂತ ಕೂತ್ರೆ ಉಳಿದಿದ್ದೆಲ್ಲಾ ತಿದ್ದೋಕಾಗತ್ತೆ, ಇದು ಕೂರ್ದೇ ಇದ್ರೆ ಫೇಸು ದಾರಿ ಎರಡೂ ಸರಿ ಇದ್ರೂ ಪ್ರಯೋಜನ ಇಲ್ಲ.

ಸ್ವಿಂಗ್ ಅಂದ್ರೆ ಒಂದು ಓರೆ ವೃತ್ತ, ಅದಕ್ಕೊಂದು ತಳ ಇರತ್ತೆ. ಐರನ್ ಹೊಡೆತದಲ್ಲಿ ಆ ತಳ ಬಾಲಿಗಿಂತ ಮುಂದೆ, ಗುರಿಯ ಕಡೆಗೆ ಇರ್ಬೇಕು, ಚೆನ್ನಾಗಿ ಆಡೋರಿಗೆ ಸುಮಾರು 8 ರಿಂದ 10 ಸೆಂಟಿಮೀಟರ್ ಮುಂದೆ ಇರತ್ತೆ. ಅಂದ್ರೆ ಕ್ಲಬ್ ಇನ್ನೂ ಇಳೀತಾ ಇರೋವಾಗಲೇ ಬಾಲಿಗೆ ತಾಗತ್ತೆ, ಆಮೇಲೆ ಮಣ್ಣಿಗೆ. ಹವ್ಯಾಸಿಗಳಲ್ಲಿ ತಳ ಬಾಲಿನ ಹಿಂದೆ ಬೀಳತ್ತೆ. ಮೊದಲು ಮಣ್ಣಿಗೆ ಹೊಡೆದ್ರೆ ಫ್ಯಾಟ್, ಬಾಲ್ ಇಪ್ಪತ್ತು ಹೆಜ್ಜೆ ಹೋಗಿ ಬೀಳತ್ತೆ. ಮಣ್ಣಿಗೆ ಹೆದರಿ ಕೈ ಎಳ್ಕೊಂಡು ಮೇಲೇಳ್ತಾ ಇರೋ ಕ್ಲಬ್ ಬಾಲಿನ ಹೊಟ್ಟೆಗೆ ತಾಗಿದ್ರೆ ಥಿನ್, ಬಾಲ್ ಗ್ರೀನ್ (ಗುಳಿ ಸುತ್ತಲಿನ ನುಣುಪು ಹುಲ್ಲಿನ ಜಾಗ) ದಾಟಿ ಆಚೆ ಓಡತ್ತೆ. ಎರಡು ಬೇರೆ ಬೇರೆ ರೋಗ ಅಂತ ಜನ ಬೇರೆ ಬೇರೆ ಮದ್ದು ಮಾಡ್ತಾರೆ, ಕಾರಣ ಮಾತ್ರ ಒಂದೇ.

ಇದು ನಮಗೆ ಯಾಕೆ ಜಾಸ್ತಿ ಅಂದ್ರೆ ನಾವೆಲ್ಲಾ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದೋರು. ಅಲ್ಲಿ ಪುಟಿದೇಳೋ ಬಾಲನ್ನ ಹಿಂಗಾಲಿನ ಮೇಲೆ ಭಾರ ಹಾಕಿ ಕೆಳಗೈಯಲ್ಲಿ ಎತ್ತಿ ಹೊಡೆದ್ರೆ ಸಿಕ್ಸರ್. ಗಾಲ್ಫಲ್ಲಿ ಬಾಲ್ ನೆಲದ ಮೇಲೆ ಸುಮ್ನೆ ಕೂತಿದೆ, ಎತ್ತೋ ಕೆಲಸ ನಿಮ್ದಲ್ಲ, ಕ್ಲಬ್ಬಿನ ಓರೆ ಫೇಸ್ ಇರೋದೇ ಅದಕ್ಕೆ. ನನ್ನ ಭಾವ ಒಬ್ರಿದಾರೆ, ಊರ ಟೂರ್ನಮೆಂಟುಗಳಲ್ಲಿ ಒಳ್ಳೇ ಹೊಡೆತಗಾರ ಅಂತ ಹೆಸರಿದ್ದೋರು. ಗಾಲ್ಫಲ್ಲಿ ಮಾತ್ರ ಪ್ರತಿ ಸಲ ಮಣ್ಣು ಬಗೀತಿದ್ರು. ಅವ್ರ ಮನೆ ಹಿಂದೆ ಮಣ್ಣಲ್ಲಿ ರಂಗೋಲಿ ಪುಡಿಯಲ್ಲಿ ಒಂದು ಗೀಟು ಎಳೆದು, ಭಾವ, ಬಾಲ್ ಬೇಡ, ಈ ಗೀಟಿಗೆ ಹೊಡೀರಿ ಅಂದೆ. ಹೊಡೆದ್ರು. ಗೀಟಿಗೇ ಹೊಡೆದ್ನಲ್ಲೋ ಅಂದ್ರು. ಬಗ್ಗಿ ನೋಡಿದ್ರೆ ಗೀಟಿನ ಬಿಳಿ ಪುಡಿ ಚದುರಿತ್ತು ನಿಜ, ಆದ್ರೆ ಮಣ್ಣು ಕಿತ್ತಿದ್ದು ಗೀಟಿಗಿಂತ ನಾಲ್ಕು ಬೆರಳು ಹಿಂದೆ ಶುರುವಾಗಿ ಗೀಟಿನ ಹತ್ರ ಬರೋ ಹೊತ್ತಿಗೆ ಮುಗಿದಿತ್ತು. ತಾನು ನೆಲಕ್ಕೆ ಎಲ್ಲಿ ಹೊಡೀತಿದೀನಿ ಅಂತ ಅವ್ರು ಕಣ್ಣಾರೆ ನೋಡಿದ್ದು ಅದೇ ಮೊದಲು.

ಮಾಡ್ಬೇಕಾದ್ದು ಇದೇ. ಗುರಿಗೆ ಅಡ್ಡಲಾಗಿ ಮಣ್ಣಲ್ಲಿ ಒಂದು ಮೀಟರ್ ಉದ್ದದ ಗೀಟು ಎಳೀರಿ. ಬಾಲ್ ಇಡ್ಬೇಡಿ. ಗೀಟು ಬಾಲಿರೋ ಜಾಗದಲ್ಲಿ ಬರೋ ಹಾಗೆ ನಿಂತು ಅರ್ಧ ಸ್ವಿಂಗ್ ಮಾಡಿ, ಪ್ರತಿ ಸಲ ಸ್ವಲ್ಪ ಸ್ವಲ್ಪ ಸರಿದು ಗೀಟಿನ ಹೊಸ ಜಾಗಕ್ಕೆ ಹೋಗಿ. ಮಣ್ಣು ಕಿತ್ತು ಬರೋದು ಗೀಟಿನ ಮೇಲೋ ಗೀಟಿಂದ ಗುರಿ ಕಡೆಗೋ ಶುರುವಾಗ್ಬೇಕು. ಹತ್ತರಲ್ಲಿ ಏಳು ಎಂಟು ಹಾಗೆ ಬರೋವರೆಗೆ ಬಾಲ್ ಮುಟ್ಟಬೇಡಿ. ಗುಂಡಿ ಆಳ ಇರೋದು ಬೇಡ, ಸಿಪ್ಪೆ ಕೆರೆದಷ್ಟು ಸಾಕು.

ಬರ್ತಾ ಇಲ್ಲ ಅಂದ್ರೆ ಎರಡು ಕಡೆ ನೋಡಿ. ಒಂದು, ಭಾರ. ಕ್ಲಬ್ ಹಿಂದಕ್ಕೆ ಎತ್ತೋ ಬ್ಯಾಕ್‌ಸ್ವಿಂಗ್ ಮುಗಿಯೋ ಮುಂಚೇನೇ ಭಾರ ಎಡಗಾಲಿಗೆ ವಾಪಸ್ ಹೊರಟಿರ್ಬೇಕು, ಕೈ ಇಳಿಯೋ ಹೊತ್ತಿಗೆ ಎಡ ಪಾದ ನೆಲ ಒತ್ತುತ್ತಾ ಇರ್ಬೇಕು. ಅದು ಗೊತ್ತಾಗೋಕೆ ಬಲ ಹಿಮ್ಮಡಿ ಎತ್ತಿ ಬರೀ ಬೆರಳ ತುದಿ ನೆಲಕ್ಕೆ ತಾಗಿಸಿ, ಭಾರ ಪೂರ್ತಿ ಎಡಗಾಲಲ್ಲಿ ಇಟ್ಕೊಂಡು ಚಿಕ್ಕ ಸ್ವಿಂಗ್ ಮಾಡಿ. ಗೀಟಿನ ಮುಂದೆ ಮಣ್ಣು ಏಳೋದು ಅಲ್ಲೇ ಶುರುವಾಗತ್ತೆ. ಎರಡು, ಎತ್ತರ. ತೋಟದಲ್ಲಿ ಕತ್ತಿ ಹಿಡಿದು ಕಳೆ ಸವರೋರನ್ನ ನೋಡಿ, ಕತ್ತಿ ಪ್ರತಿ ಸಲ ಅದೇ ಎತ್ತರದಲ್ಲಿ ಹೋಗತ್ತೆ, ಯಾಕಂದ್ರೆ ಅವ್ರ ನಡು ಬಾಗಿದ್ದು ಬಾಗಿದ ಹಾಗೇ ಇರತ್ತೆ, ಏಳೋದಿಲ್ಲ ಕುಗ್ಗೋದಿಲ್ಲ. ನಿಮ್ಮ ಎದೆಯೂ ಬಾಲಿಂದ ಅಷ್ಟೇ ದೂರದಲ್ಲಿ ಉಳೀಬೇಕು.

ಗೀಟು ಕೈಗೆ ಹತ್ತಿದ ಮೇಲೆ ಬಾಲ್ ಇಡಿ, ಅದರ ಹಿಂದೆ ಒಂದು ಗೇಣು ಬಿಟ್ಟು ಮಡಚಿದ ಟವೆಲ್ ಇಡಿ. ಟವೆಲ್ಲಿಗೆ ತಾಗದೆ ಬಾಲಿಗೆ ಹೊಡೀಬೇಕು. ತಾಗ್ತಿದ್ರೆ ಮತ್ತೆ ಗೀಟಿಗೆ ಹೋಗಿ.

ಹಂತ 4: ಫೇಸ್

ಬಾಲ್ ಯಾವ ಕಡೆ ಹೊರಡತ್ತೆ ಅನ್ನೋದನ್ನ ಮುಖ್ಯವಾಗಿ ತೀರ್ಮಾನ ಮಾಡೋದು ಫೇಸು. ಐರನ್‌ನಲ್ಲಿ ಸುಮಾರು ಮುಕ್ಕಾಲು ಪಾಲು, ಅತಿ ದೂರ ಹೊಡೆಯೋ ಕ್ಲಬ್ ಆದ ಡ್ರೈವರ್‌ನಲ್ಲಿ ಅದಕ್ಕೂ ಹೆಚ್ಚು. ಗಾಳೀಲಿ ತಿರುಗೋದು ಫೇಸ್‌ಗೂ ಕ್ಲಬ್ ಬಂದ ದಾರಿಗೂ ಇರೋ ವ್ಯತ್ಯಾಸದಿಂದ. ಹಿಂದೆ ಉಲ್ಟಾ ಹೇಳ್ತಿದ್ರು, ದಾರಿ ಇರೋ ಕಡೆ ಬಾಲ್ ಹೊರಡತ್ತೆ, ಆಮೇಲೆ ಫೇಸ್ ಕಡೆ ತಿರುಗತ್ತೆ ಅಂತ. ರಾಡಾರ್ ಬಂದು ಅಳೆಯೋಕೆ ಶುರು ಮಾಡಿದ ಮೇಲೆ ಅದು ತಪ್ಪು ಅಂತ ಗೊತ್ತಾಯ್ತು, ಆದ್ರೆ ಹಳೇ ಪಾಠ ಹೇಳೋರು ಕ್ಲಬ್ಬುಗಳಲ್ಲಿ ಈಗಲೂ ಇದಾರೆ.

ನೋಡೋದು ಸುಲಭ. ಬಾಲಿಂದ ಮೂರು ಮೀಟರ್ ಮುಂದೆ ಗುರಿಯ ಗೆರೆ ಮೇಲೇ ಒಂದು ಕೋಲು ನಿಲ್ಲಿಸಿ, ಸೊಂಟದಿಂದ ಸೊಂಟದವರೆಗಿನ ಚಿಕ್ಕ ಸ್ವಿಂಗಲ್ಲಿ ಹೊಡೀರಿ. ಬಾಲ್ ಕೋಲಿನ ಬಲಕ್ಕೆ ಹೊರಟ್ರೆ ಫೇಸ್ ಬಲಕ್ಕಿತ್ತು, ಎಡಕ್ಕೆ ಹೊರಟ್ರೆ ಎಡಕ್ಕಿತ್ತು. ಎಲ್ಲಿ ಹೋಗಿ ಬಿತ್ತು ಅಂತ ನೋಡ್ಬೇಡಿ, ಎಲ್ಲಿ ಹೊರಟಿತು ಅಂತ ಮಾತ್ರ ನೋಡಿ.

ಬಲಕ್ಕೇ ಹೋಗ್ತಿದ್ರೆ, ನೂರಕ್ಕೆ ತೊಂಬತ್ತು ಜನರದ್ದು ಅದೇ ಅಂತ ನನಗನ್ಸತ್ತೆ, ಮೊದಲು ಗ್ರಿಪ್ಪಿಗೆ ವಾಪಸ್ ಹೋಗಿ. ಎರಡೂ ಕೈ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿದು ಎಡಗೈಯಲ್ಲಿ ಮೂರು ಗೆಣ್ಣು ಕಾಣೋ ಹಾಗೆ ಮಾಡಿ. ವಿಚಿತ್ರ ಅನ್ಸತ್ತೆ, ಒಂದು ವಾರ ಸಹಿಸ್ಕೊಳ್ಳಿ. ಆಮೇಲೆ ಬ್ಯಾಕ್‌ಸ್ವಿಂಗಲ್ಲಿ ಶಾಫ್ಟ್ ನೆಲಕ್ಕೆ ಸಮ ಬಂದಾಗ ನಿಲ್ಸಿ ಕ್ಲಬ್ ನೋಡಿ. ಫೇಸಿನ ಕೆಳ ಅಂಚು ನಿಮ್ಮ ಬೆನ್ನಿನ ಬಾಗಿಗೆ ಸರಿಸಮ ಇರ್ಬೇಕು, ಅಂದ್ರೆ ಸ್ವಲ್ಪ ನೆಲದ ಕಡೆ ವಾಲಿರತ್ತೆ. ಫೇಸ್ ಆಕಾಶ ನೋಡ್ತಿದ್ರೆ ಅದು ಆಗಲೇ ತೆರೆದುಹೋಗಿದೆ. ಮೂರನೇದು ಎಡ ಮಣಿಕಟ್ಟು. ಮೇಲೆ ಹೋದಾಗ ಎಡಗೈಯ ಹಿಂಭಾಗ ಹಿಂದಕ್ಕೆ ಮಡಚಿ ಗುಳಿ ಬಿದ್ರೆ ಫೇಸ್ ತೆರೆಯತ್ತೆ, ಮಟ್ಟವಾಗಿದ್ರೆ ಸರಿ ಇರತ್ತೆ.

ಫೇಸಿನ ಯಾವ ಭಾಗಕ್ಕೆ ತಾಗ್ತಿದೆ ಅಂತಾನೂ ಇದರ ಜೊತೇಲೇ ನೋಡ್ಕೊಳ್ಳಿ. ಬಾಲಿನ ಹಿಂಭಾಗ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ದಪ್ಪ ಚುಕ್ಕಿ ಇಟ್ಟು ಆ ಚುಕ್ಕಿ ಕ್ಲಬ್ ಕಡೆ ತಿರುಗಿಸಿ ಹೊಡೆದ್ರೆ ಅಚ್ಚು ಫೇಸ್ ಮೇಲೆ ಬೀಳತ್ತೆ. ಅಚ್ಚು ಪ್ರತಿ ಸಲ ಫೇಸಿನ ತುದೀಲಿದ್ರೆ ಬಾಲಿಗೆ ಹತ್ರ ನಿಲ್ಲಿ, ಫೇಸಿನ ಹಿಮ್ಮಡಿ, ಅಂದ್ರೆ ಶಾಫ್ಟ್ ಸೇರೋ ಕಡೆ ಇದ್ರೆ ದೂರ ನಿಲ್ಲಿ, ಎಲ್ಲೆಂದರಲ್ಲಿ ಬೀಳ್ತಿದ್ರೆ ನಿಲ್ಲೋದರಲ್ಲಲ್ಲ, ಬ್ಯಾಲೆನ್ಸ್‌ನಲ್ಲಿ ತೊಂದರೆ.

ಹಂತ 5: ದಾರಿ

ಕೋಲಿನ ನೇರ ಹೊರಟು ಆಮೇಲೆ ಬಲಕ್ಕೆ ತಿರುಗೋದು, ಅಥವಾ ಎಡಕ್ಕೆ ಹೊರಟು ಬಲಕ್ಕೆ ತಿರುಗೋದು, ಇವೆರಡರಲ್ಲೂ ಕ್ಲಬ್ ಹೊರಗಿಂದ ಒಳಗೆ ಅಡ್ಡ ಬರ್ತಿದೆ ಅಂತ ಅರ್ಥ. ಭುಜ ಮೊದಲು ತಿರುಗಿ ಕೈ ಆಚೆ ಹೋಗಿ ಬಾಲಿನ ಮೇಲಿಂದ ಕೊಚ್ಚಿದ ಹಾಗೆ. ಎಲ್ಲಾರೂ ಇದನ್ನೇ ಮೊದಲು ತಿದ್ದೋಕೆ ಹೋಗ್ತಾರೆ. ನಾನು ಕೊನೆಗಿಟ್ಟಿದ್ದಕ್ಕೆ ಕಾರಣ ಇದೆ. ಫೇಸ್ ತೆರೆದು ಬಾಲ್ ದಿನಾ ಬಲಕ್ಕೆ ಹೋಗ್ತಿದ್ರೆ ಮೈ ತಾನಾಗೇ ಕಲಿಯತ್ತೆ, ಎಡಕ್ಕೆ ಎಳೆದ್ರೆ ಬಾಲ್ ಕೋರ್ಸಲ್ಲಾದ್ರೂ ಉಳಿಯತ್ತೆ ಅಂತ. ಅಡ್ಡದಾರಿ ಹುಟ್ಟಿದ್ದೇ ತೆರೆದ ಫೇಸಿಂದ. ಫೇಸ್ ತೆರೆದೇ ಇಟ್ಟು ದಾರಿ ಮಾತ್ರ ಸರಿ ಮಾಡಿದ್ರೆ ಬಾಲ್ ಇನ್ನೂ ಬಲಕ್ಕೆ ಹೋಗತ್ತೆ, ಎರಡೇ ದಿನಕ್ಕೆ ಮೈ ಹಳೇ ಅಡ್ಡದಾರಿಗೆ ಓಡಿಹೋಗತ್ತೆ. ಫೇಸ್ ಸರಿ ಆದ್ರೆ ಅದೇ ಅಡ್ಡ ಎಳೆತದಲ್ಲಿ ಬಾಲ್ ಎಡಕ್ಕೆ ಹೋಗೋಕೆ ಶುರುವಾಗತ್ತೆ, ಆಗ ಮೈ ದಾರಿ ಬದಲಾಯಿಸೋಕೆ ಒಪ್ಪತ್ತೆ. ಎಡಕ್ಕೆ ಹೋದ ಮೊದಲ ಕೆಲವು ಬಾಲ್ ನೋಡಿ ಹೆದರ್ಬೇಡಿ, ಅದು ಒಳ್ಳೇ ಲಕ್ಷಣ.

ಅಭ್ಯಾಸಕ್ಕೆ ಖಾಲಿ ಶೂ ಬಾಕ್ಸನ್ನ ಬಾಲಿಗಿಂತ ಒಂದು ಗೇಣು ಹಿಂದೆ, ನಿಮ್ಮಿಂದ ಆಚೆ ಬದೀಲಿ, ಬಾಲಿನ ಗೆರೆಗೆ ನಾಲ್ಕು ಬೆರಳು ಬಿಟ್ಟು ಇಡಿ. ಹೊರಗಿಂದ ಬಂದ್ರೆ ಬಾಕ್ಸಿಗೆ ಏಟು. ಇಳಿಯೋವಾಗ ಬೆನ್ನು ಇನ್ನೊಂದು ಕ್ಷಣ ಗುರಿ ಕಡೆಗೇ ಇರ್ಲಿ ಅಂದ್ಕೊಳ್ಳಿ, ಕೈ ಮೊದಲು ಕೆಳಗಿಳೀಲಿ, ಎದೆ ಆಮೇಲೆ ತಿರುಗ್ಲಿ. ಇನ್ನೂ ಬರ್ಲಿಲ್ಲ ಅಂದ್ರೆ ಬಲಗಾಲನ್ನ ಅರ್ಧ ಪಾದ ಹಿಂದಕ್ಕೆಳೆದು ನಿಂತು ಹೊಡೀರಿ, ಅಡ್ಡ ಬರೋದು ಕಷ್ಟ ಆಗತ್ತೆ.

ಬಾಲ್ ಬಾಣದ ಹಾಗೆ ನೇರ ಹೋಗ್ಲಿ ಅಂತ ಮಾತ್ರ ಹಠ ಹಿಡೀಬೇಡಿ. ಕೊನೇಲಿ ಸ್ವಲ್ಪ ಬಲಕ್ಕೆ ತಿರುಗೋ ಫೇಡ್ ಉಳಿದ್ರೆ ಅದನ್ನೇ ಇಟ್ಕೊಂಡು ಸ್ವಲ್ಪ ಎಡಕ್ಕೆ ಗುರಿ ಇಟ್ಟು ಆಡಿ, ನಿಕ್ಲಾಸ್, ಲೀ ಟ್ರೆವಿನೋ ಇಬ್ಬರೂ ನಂಬಿದ್ದು ಫೇಡನ್ನೇ. ನೋಡೋಕೆ ಚಂದ ಇರ್ಬೇಕು ಅಂತಾನೂ ಇಲ್ಲ. ಜಿಮ್ ಫ್ಯೂರಿಕ್ ಸ್ವಿಂಗ್ ನೋಡಿದೋರಿಗೆ ಗೊತ್ತು, ಕ್ಲಬ್ ಮೇಲೆ ಹೋಗೋದೊಂದು ದಾರಿ, ಸುತ್ತು ಹಾಕ್ಕೊಂಡು ಕೆಳಗೆ ಬರೋದು ಬೇರೆ ದಾರಿ, ಆದ್ರೆ ಬಾಲ್ ಹತ್ರ ಪ್ರತಿ ಸಲ ಒಂದೇ ಥರ ಬರತ್ತೆ. ಆತ 2003ರಲ್ಲಿ ಯುಎಸ್ ಓಪನ್ ಗೆದ್ರು, 2016ರಲ್ಲಿ ಅಮೆರಿಕದ ವೃತ್ತಿಪರರ ಪಿಜಿಎ ಟೂರಿನಲ್ಲಿ ಒಂದು ಸುತ್ತನ್ನ ಬರೀ 58 ಹೊಡೆತದಲ್ಲಿ ಮುಗಿಸಿದ್ರು.

ಹಂತ 6: ಲಯ

ಟೂರ್ ಆಟಗಾರರ ವಿಡಿಯೋ ಫ್ರೇಮ್ ಎಣಿಸಿ ನೋಡಿದ್ರೆ ಬ್ಯಾಕ್‌ಸ್ವಿಂಗಿಗೆ ಹಿಡಿಯೋ ಸಮಯ ಡೌನ್‌ಸ್ವಿಂಗಿನ ಸುಮಾರು ಮೂರು ಪಟ್ಟು, ಮುಕ್ಕಾಲು ಸೆಕೆಂಡ್ ಮೇಲಕ್ಕೆ, ಕಾಲು ಸೆಕೆಂಡ್ ಕೆಳಕ್ಕೆ. ನಾವು ಮೇಲಕ್ಕೆ ಎಳೆಯೋದು ಬಹಳ ನಿಧಾನ, ಆಮೇಲೆ ಮೇಲಿಂದ ಎಗರಿ ಬೀಳ್ತೀವಿ. ಬಾಯಲ್ಲಿ ಒಂದು ಎರಡು ಮೂರು ಅಂತ ಮೇಲಕ್ಕೆ, ಹೊಡಿ ಅಂತ ಕೆಳಕ್ಕೆ, ನಾಲ್ಕೂ ಪದ ಒಂದೇ ಅಂತರದಲ್ಲಿ ಬರ್ಲಿ. ಹೊಡೆದ ಮೇಲೆ ಭಾರ ಪೂರ್ತಿ ಎಡಗಾಲಲ್ಲಿ, ಹೊಕ್ಕುಳು ಗುರಿ ಕಡೆ, ಬಾಲ್ ಬೀಳೋವರೆಗೆ ಅಲ್ಲಾಡದೆ ನಿಲ್ಲಿ. ನಿಲ್ಲೋಕಾಗ್ತಿಲ್ಲ ಅಂದ್ರೆ ನಿಮ್ಮ ಮೈ ತಡೆಯೋದಕ್ಕಿಂತ ಜೋರಾಗಿ ಹೊಡೀತಿದೀರಿ.

ಜೋರಿನ ಆಸೆ ಬಿಡೋಕೆ ಕಷ್ಟ ಅಂತ ಗೊತ್ತು. ಬೆಂಗಳೂರಿನ ಅದಿತಿ ಅಶೋಕ್‌ನ ನೆನೆಸ್ಕೊಳ್ಳಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಕೆಗಿಂತ ಎಷ್ಟೋ ದೂರ ಹೊಡೆಯೋರು ಸುತ್ತಲೂ ಇದ್ರು, ಆದ್ರೂ ನಾಲ್ಕು ಸುತ್ತಲ್ಲಿ 15 ಅಂಡರ್, ಅಂದ್ರೆ ನಿಗದಿಗಿಂತ 15 ಹೊಡೆತ ಕಡಿಮೆ, ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು ಬರೀ ಒಂದು ಹೊಡೆತದಲ್ಲಿ. ನಮ್ಮ ರಾಜ್ಯದ ಹುಡುಗಿ ಅಷ್ಟು ಎತ್ತರಕ್ಕೆ ಹೋಗಿದ್ದು ಅಳತೆ ತಪ್ಪದ ಹೊಡೆತದಿಂದ, ಗ್ರೀನ್ ಮೇಲಿನ ಕೈಯಿಂದ.

ಅಭ್ಯಾಸ ಹೇಗೆ ಹಂಚೋದು

ದಿನಾ ಇಪ್ಪತ್ತು ನಿಮಿಷ ಮಾಡೋದು ಭಾನುವಾರ ಮೂರು ಗಂಟೆ ಮಾಡೋದಕ್ಕಿಂತ ಒಳ್ಳೇದು. ಮೊದಲ ಎರಡು ಮೂರು ವಾರ ಬರೀ ಗೀಟು ಮತ್ತೆ ಟವೆಲ್. ಆಮೇಲೆ ಕೋಲು. ದಾರಿಗೆ ಬರೋ ಹೊತ್ತಿಗೆ ಎರಡು ತಿಂಗಳಾದ್ರೂ ಆಗ್ಲಿ. ಪ್ರತಿ ದಿನ ಶುರು ಮಾಡೋದು ಮಾತ್ರ ಗೀಟಿಂದಲೇ, ಹತ್ತು ಸ್ವಿಂಗ್. ಹೊಡೆತ ಕೂತ್ಮೇಲೆ ಒಂದೇ ಕ್ಲಬ್ಬಲ್ಲಿ ಒಂದೇ ಗುರಿಗೆ ಹೊಡೀತಾ ಇರ್ಬೇಡಿ, ಪ್ರತಿ ಬಾಲಿಗೂ ಗುರಿ ಬದಲಾಯಿಸಿ, ಪ್ರತಿ ಸಲ ಹಿಂದೆ ಹೋಗಿ ನಿಂತು ಎಲೆ ಹುಡುಕಿ ಹೊಸದಾಗಿ ನಿಲ್ಲಿ, ಕೋರ್ಸಲ್ಲಿ ಒಂದೇ ಹೊಡೆತ ಎರಡು ಸಲ ಸಿಗಲ್ಲ ಅಲ್ವಾ.

ವಿಡಿಯೋ ತೆಗೆಯೋವಾಗ ಫೋನ್ ಕೈಯ ಎತ್ತರದಲ್ಲಿರ್ಲಿ. ಗುರಿಯ ಗೆರೆ ನೇರ ಹಿಂದಿಂದ ತೆಗೆದ್ರೆ ಕೈಗಳ ನೇರಕ್ಕೆ, ಮುಂದಿಂದ ತೆಗೆದ್ರೆ ಎದೆಯ ನೇರಕ್ಕೆ. ಒಂದಡಿ ಆಚೆ ಈಚೆ ಇಟ್ರೂ ಸರಿಯಾಗಿರೋ ದಾರಿ ಅಡ್ಡ ಕಾಣತ್ತೆ. ಬೆಂಗಳೂರಿಗೆ ಹೋದಾಗ ಒಬ್ಬ ಒಳ್ಳೇ ಕೋಚ್ ಹತ್ರ ಒಂದು ಗಂಟೆ ಕೂತ್ರೆ ತುಂಬ ಉಪಯೋಗ, ಆದ್ರೆ ನನ್ನ ಸ್ವಿಂಗ್ ನೋಡಿ ಅನ್ನೋ ಬದಲು, ನನ್ನ ಬಾಲ್ ಎಡಕ್ಕೆ ಹೊರಟು ಬಲಕ್ಕೆ ತಿರುಗತ್ತೆ, ಮಣ್ಣು ಸರಿಯಾದ ಕಡೆ ಏಳತ್ತೆ ಅಂತ ಹೇಳಿ, ಅರ್ಧ ಕೆಲಸ ಅಲ್ಲೇ ಮುಗಿಯತ್ತೆ.

ಡ್ರೈವರ್

ಐರನ್ ಸ್ಥಿರ ಆಗೋವರೆಗೆ ಬೇಡ. ಆದ್ಮೇಲೆ ಸ್ವಿಂಗ್ ಬದಲಾಯಿಸೋ ಅಗತ್ಯ ಇಲ್ಲ, ಬಾಲಿನ ಜಾಗ ಬದಲಾಯಿಸಿ. ಬಾಲ್ ಎಡ ಹಿಮ್ಮಡಿ ನೇರಕ್ಕೆ, ಅರ್ಧ ಬಾಲ್ ಕ್ಲಬ್ಬಿನ ನೆತ್ತಿಗಿಂತ ಮೇಲೆ ಕಾಣೋ ಹಾಗೆ ಟೀ (ಬಾಲ್ ಕೂರಿಸೋ ಮೊಳೆ), ಕಾಲು ಸ್ವಲ್ಪ ಅಗಲ, ಬಲ ಭುಜ ಎಡಕ್ಕಿಂತ ಒಂಚೂರು ಕೆಳಗೆ. ಆಗ ತಳ ದಾಟಿ ಕ್ಲಬ್ ಮೇಲೇಳೋವಾಗ ಬಾಲಿಗೆ ತಾಗತ್ತೆ, ಡ್ರೈವರ್‌ಗೆ ಬೇಕಾಗಿರೋದು ಅದೇ.

ನಮ್ಮ ನೆಲ, ನಮ್ಮ ಹವೆ

ಮಲೆನಾಡಲ್ಲಿ ಆಡೋ ಕೋರ್ಸ್ ಅಂದ್ರೆ ಏರಿಳಿತ ಇದ್ದೇ ಇರತ್ತೆ, ಮಟ್ಟದ ಮಣ್ಣಲ್ಲಿ ಕಲಿತ ಸ್ವಿಂಗನ್ನ ಅಲ್ಲಿಗೆ ಒಗ್ಗಿಸ್ಬೇಕು. ಬಾಲ್ ಪಾದಕ್ಕಿಂತ ಮೇಲಿದ್ರೆ ಎಡಕ್ಕೆ ಹೋಗತ್ತೆ, ಕ್ಲಬ್ ಒಂದಿಂಚು ಕೆಳಗೆ ಹಿಡಿದು ಬಲಕ್ಕೆ ಗುರಿ ಇಡಿ. ಪಾದಕ್ಕಿಂತ ಕೆಳಗಿದ್ರೆ ಬಲಕ್ಕೆ, ಇಲ್ಲಿ ಮಂಡಿ ಮಡಚಿದ್ದು ಕೊನೆವರೆಗೂ ಹಾಗೇ ಇರ್ಬೇಕು, ಎದ್ರೆ ಥಿನ್. ಏರಿನಲ್ಲಿ ಬಾಲ್ ಎತ್ತರ ಹೋಗಿ ಹತ್ರ ಬೀಳತ್ತೆ, ಹೆಚ್ಚು ದೂರ ಹೊಡೆಯೋ ಕ್ಲಬ್ ತಗೊಳ್ಳಿ, 7ರ ಬದಲು 6. ಇಳಿಜಾರಲ್ಲಿ ತಗ್ಗಾಗಿ ಹೋಗಿ ಓಡತ್ತೆ. ಏರು, ಇಳಿಜಾರು ಎರಡರಲ್ಲೂ ಭುಜ ನೆಲದ ಓರೆಗೆ ಹೊಂದಿಸಿ, ನಾಲ್ಕರಲ್ಲೂ ಮುಕ್ಕಾಲು ಸ್ವಿಂಗ್ ಮಾತ್ರ.

ಚಿಕ್ಕಮಗಳೂರು ಊರೇ ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಗಾಳಿ ತೆಳು ಇರೋದ್ರಿಂದ ಬಾಲ್ ಸುಮಾರು ನೂರಕ್ಕೆ ಮೂರು ನಾಲ್ಕರಷ್ಟು ಹೆಚ್ಚು ಹೋಗತ್ತೆ, 130 ಮೀಟರ್ ಹೊಡೆತದಲ್ಲಿ ನಾಲ್ಕೈದು ಮೀಟರ್. ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಆಡಿದಾಗ ಹೊಡೆತ ಕಡಿಮೆ ಬಂದ್ರೆ ಸ್ವಿಂಗ್ ಕೆಟ್ಟೋಯ್ತು ಅಂತ ತಲೆ ಕೆಡಿಸ್ಕೋಬೇಡಿ, ಕ್ಲಬ್ ಒಂದು ನಂಬರ್ ಬದಲಾಯಿಸಿ.

ಮಾರ್ಚ್ ಏಪ್ರಿಲಲ್ಲಿ ಹೂಮಳೆ ಬೀಳೋ ಮುಂಚೆ ನೆಲ ಕಲ್ಲಾಗಿರತ್ತೆ, ಬಾಲಿನ ಹಿಂದೆ ತಾಗಿದ ಕ್ಲಬ್ ಪುಟಿದು ಥಿನ್ ಆಗತ್ತೆ. ಜೂನ್ ನಂತರ ಉಲ್ಟಾ, ಒದ್ದೆ ಮಣ್ಣಲ್ಲಿ ಕ್ಲಬ್ ಹೂತು ನಿಂತೇ ಹೋಗತ್ತೆ, ಒಂದು ಬೆರಳು ಹಿಂದೆ ತಾಗಿದ್ರೂ ಹೊಡೆತ ಸತ್ತಂಗೆ. ಹಾಗಾಗಿ ಮಳೆಗಾಲದಲ್ಲಿ ಬಾಲನ್ನ ಅರ್ಧ ಬಾಲಿನಷ್ಟು ಹಿಂದಕ್ಕಿಟ್ಕೊಂಡು, ಕ್ಲಬ್ ಒಂಚೂರು ಕೆಳಗೆ ಹಿಡಿದು ಆಡಿ. ಫೇಸಿನ ಗೆರೆಗಳಲ್ಲಿ ಮಣ್ಣು ನೀರು ನಿಂತ್ರೆ ಸ್ಪಿನ್ ಹೋಗತ್ತೆ, ಪ್ರತಿ ಹೊಡೆತಕ್ಕೂ ಒರೆಸಿ. ಚರ್ಮದ ಗ್ಲೌಸ್ ಒದ್ದೆಯಾದ್ರೆ ಜಾರತ್ತೆ, ಒಣಗಿದ್ರೆ ಹಪ್ಪಳ, ಮಳೆಗೆ ಅಂತಾನೇ ಬರೋ ಬಟ್ಟೆ ಗ್ಲೌಸ್ ಒಂದು ಜೊತೆ ಇಟ್ಕೊಂಡಿರಿ.

ಜುಲೈನಲ್ಲಿ ಹೊರಗೆ ಕಾಲಿಡೋಕೇ ಆಗದ ದಿನ ಕನ್ನಡಿ ಮುಂದೆ ಗ್ರಿಪ್ ಹಿಡಿದು ಬಿಡಿ, ಮತ್ತೆ ಹಿಡೀರಿ, ಗೆಣ್ಣು ಎಣಿಸಿ. ಸೊಂಟದ ಎತ್ತರಕ್ಕೆ ಎತ್ತಿ ನಿಲ್ಸಿ ಫೇಸ್ ಎತ್ತ ನೋಡ್ತಿದೆ ಅಂತ ನೋಡಿ. ಮೇಲೆ ಫ್ಯಾನ್ ಇದ್ಯಾ ಅಂತ ಮೊದಲು ನೋಡ್ಕೊಳ್ಳಿ, ಮಕ್ಕಳನ್ನ ಆಚೆ ಕಳಿಸಿ. ಮಳೆ ಬಿಟ್ಟು ಮಣ್ಣು ಸ್ವಲ್ಪ ಆರಿದ ದಿನ ಮತ್ತೆ ಗೀಟು ಎಳೆದು ಹತ್ತು ಸ್ವಿಂಗ್ ಮಾಡಿ. ಮಣ್ಣು ಗೀಟಿನ ಹಿಂದೆ ಏಳ್ತಿದ್ರೆ ಆ ವಾರ ಡ್ರೈವರ್ ಬ್ಯಾಗಲ್ಲೇ ಇರ್ಲಿ.